ಕೋರ್ಟ್ ಬಿಡದೆ ಎಲ್‌ಎಲ್‌ಎಂ ಓದಿದ್ದು: ನನ್ನ ಅನುಭವ

ಎಲ್‌ಎಲ್‌ಎಂ ಮಾಡಿದರೆ ಏನು ಸಿಗುತ್ತೆ ಮೇಡಂ ಅಂತ ನಮ್ಮ ವಕೀಲರ ಸಂಘದ ಜೂನಿಯರ್‌ಗಳು ಆಗಾಗ ಕೇಳುತ್ತಾರೆ. ಎಲ್‌ಎಲ್‌ಎಂ ಅಂದರೆ ಎಲ್‌ಎಲ್‌ಬಿ ಆದ ಮೇಲೆ ಓದುವ ಕಾನೂನಿನ ಸ್ನಾತಕೋತ್ತರ ಪದವಿ. ಮೊದಲು ಏನು ಸಿಗುವುದಿಲ್ಲ ಅನ್ನೋದನ್ನೇ ಹೇಳಿಬಿಡುತ್ತೇನೆ. ಎಲ್‌ಎಲ್‌ಎಂ ಆಯಿತು ಅಂತ ಕಕ್ಷಿದಾರರು ಜಾಸ್ತಿ ಬರುವುದಿಲ್ಲ. ಧಾರವಾಡದ ಕಡೆ ಹಳ್ಳಿಯಿಂದ ಕೇಸ್ ತರುವ ಯಜಮಾನರು ನನ್ನ ಬೋರ್ಡ್ ಓದಿ ಬರುವುದಿಲ್ಲ, ಹಿಂದೆ ಯಾರದೋ ಕೇಸ್ ಗೆದ್ದುಕೊಟ್ಟಿದ್ದೇನೆ ಅಂತ ಕೇಳಿ ಬರುತ್ತಾರೆ. ನೋಟರಿ ಆಗಲು ಎಲ್‌ಎಲ್‌ಎಂ ಬೇಡ. ಸರ್ಕಾರಿ ವಕೀಲರಾಗಲೂ ಬೇಡ. ಸಿವಿಲ್ ಜಡ್ಜ್ ಪರೀಕ್ಷೆಗೂ ಎಲ್‌ಎಲ್‌ಬಿ ಸಾಕು, 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದರ ಜೊತೆ ಮೂರು ವರ್ಷದ ವಕೀಲಿಕೆ ಬೇಕು, ಅಷ್ಟೇ. ಜಡ್ಜ್ ಆದ ಮೇಲೆ ಮಾತ್ರ ಈ ಡಿಗ್ರಿಗೆ ಸಂಬಳದಲ್ಲೇ ಬೆಲೆ ಇದೆ. ನ್ಯಾಯಾಧೀಶರ ಸಂಬಳ ನೋಡಿದ ಮೊದಲ ಆಯೋಗ, ಅಂದರೆ ಶೆಟ್ಟಿ ಆಯೋಗದ ಕಾಲದಿಂದ ಎಲ್‌ಎಲ್‌ಎಂ ಮಾಡಿದ ನ್ಯಾಯಾಧೀಶರಿಗೆ ಮೂರು ಮುಂಗಡ ಇನ್‌ಕ್ರಿಮೆಂಟ್ ಸಿಗುತ್ತಿತ್ತು, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎರಡನೇ ನ್ಯಾಯಾಂಗ ವೇತನ ಆಯೋಗದ ಶಿಫಾರಸು ಒಪ್ಪಿದಾಗಲೂ ಅದು ಉಳಿಯಿತು.

ನಾನು ಓದಿದ್ದು ಪಾಠ ಮಾಡುವ ಆಸೆಗೆ. ಸಹಾಯಕ ಪ್ರಾಧ್ಯಾಪಕಿ ಆಗಬೇಕಾದರೆ ಎಲ್‌ಎಲ್‌ಎಂನಲ್ಲಿ 55% ಅಂಕ ಬೇಕು, ಅದರ ಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆ, ಅಂದರೆ ರಾಷ್ಟ್ರಮಟ್ಟದ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್ ಆಗಿರಬೇಕು. ಹಾಗಂತ ಕೋರ್ಟ್ ಬಿಡಲು ಮನಸ್ಸಿರಲಿಲ್ಲ. ಏಳೆಂಟು ವರ್ಷ ಸೀನಿಯರ್ ಕೈಕೆಳಗೆ ಸಿವಿಲ್ ಕೇಸ್ ನಡೆಸಿ, ಸ್ವಂತ ಆಫೀಸ್ ಆಗ ತಾನೇ ನಿಲ್ಲುತ್ತಿತ್ತು. ಎರಡನ್ನೂ ಇಟ್ಟುಕೊಳ್ಳಲು ದಾರಿ ಇದೆ ಅನ್ನೋದು ನಮ್ಮಲ್ಲಿ ಎಷ್ಟೋ ವಕೀಲರಿಗೆ ಗೊತ್ತಿಲ್ಲ. ವಕೀಲರು ಪೂರ್ಣಾವಧಿ ಸಂಬಳದ ಕೆಲಸ ಮಾಡುವಂತಿಲ್ಲ, ಅದು ನಿಜ. ಆದರೆ ವಕೀಲರ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 1979ರ ನಿಯಮದ ಪ್ರಕಾರ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಕಾಲೇಜಿನಲ್ಲಿ ಪಾಠ ಮಾಡಬಹುದು. ವಕೀಲಿಕೆಯ ಸನದು ಹಾಗೇ ಇರುತ್ತದೆ. ನಾನು ಈಗ ಮಾಡುತ್ತಿರುವುದು ಅದನ್ನೇ.

ಎಲ್ಲಿ ಓದುವುದು, ಒಂದು ವರ್ಷವೋ ಎರಡು ವರ್ಷವೋ ಅನ್ನೋದು ಮುಂದಿನ ಪ್ರಶ್ನೆ. ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಂಥ ಕಡೆ ಒಂದು ವರ್ಷದ ಕೋರ್ಸ್, ಅದಕ್ಕೆ ಕ್ಲಾಟ್ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು: ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ತೀರ್ಪಿನ ಭಾಗಗಳನ್ನು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಬೆಂಗಳೂರಿಗೆ ಹೋದರೆ ಆಫೀಸ್ ಮುಚ್ಚಬೇಕಿತ್ತು. ಹಾಗಾಗಿ ನಮ್ಮ ಕಡೆಯೇ ಎರಡು ವರ್ಷದ ಕೋರ್ಸ್ ಸೇರಿದೆ. ಹುಬ್ಬಳ್ಳಿ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ, ಮೈಸೂರಿನವರಿಗೆ ಮಾನಸಗಂಗೋತ್ರಿ ಇದೆ. ಒಂದು ವರ್ಷದ ಎಲ್‌ಎಲ್‌ಎಂ ರದ್ದು ಮಾಡುವ ನಿಯಮವನ್ನು ಬಾರ್ ಕೌನ್ಸಿಲ್ 2021ರ ಜನವರಿಯಲ್ಲಿ ತಂದಿತ್ತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು, ಒಂದು ವರ್ಷದ ಕೋರ್ಸ್‌ಗಳು ಅದಾದ ಮೇಲೂ ನಡೆದವು. ಆದರೆ ಆನ್‌ಲೈನ್ ಎಲ್‌ಎಲ್‌ಎಂ, ಎಕ್ಸಿಕ್ಯುಟಿವ್ ಎಲ್‌ಎಲ್‌ಎಂ ಅಂತ ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ. ಅನುಮತಿ ಇಲ್ಲದೆ ನಡೆಸುವ ಆನ್‌ಲೈನ್, ದೂರಶಿಕ್ಷಣದ ಎಲ್‌ಎಲ್‌ಎಂಗೆ ಮಾನ್ಯತೆ ಇಲ್ಲ ಅಂತ ಬಾರ್ ಕೌನ್ಸಿಲ್ 2025ರ ಜೂನ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಪಾಠ ಮಾಡುವ ಆಸೆ ಇದ್ದವರಿಗೆ ಅಂಥ ಸರ್ಟಿಫಿಕೇಟ್ ಉಪಯೋಗಕ್ಕೆ ಬರುವುದಿಲ್ಲ.

ಸಮಯ ಹೊಂದಿಸಿದ್ದು ಹೇಗೆ ಅಂದರೆ, ನಮ್ಮ ಆಫೀಸ್‌ನಲ್ಲಿದ್ದ ಇನ್ನೊಬ್ಬ ವಕೀಲರ ಜೊತೆ ಮೊದಲೇ ಮಾತಾಡಿಕೊಂಡೆ. ಸುಮ್ನೆ ಡೇಟ್ ತೆಗೆದುಕೊಳ್ಳುವ ಕೇಸ್‌ಗಳಲ್ಲಿ ಅವರು ನಿಲ್ಲುತ್ತಿದ್ದರು. ಸಾಕ್ಷಿ, ಪಾಟಿಸವಾಲು, ವಾದ ಇದ್ದ ದಿನ ನಾನೇ ಹೋಗುತ್ತಿದ್ದೆ. ಅವರ ಡ್ರಾಫ್ಟಿಂಗ್ ಕೆಲಸವನ್ನು ನಾನು ರಾತ್ರಿ ಕೂತು ಮಾಡಿಕೊಡುತ್ತಿದ್ದೆ. ಕಕ್ಷಿದಾರರಿಗೂ ಮುಚ್ಚಿಡಲಿಲ್ಲ, ಓದುತ್ತಿದ್ದೇನೆ, ನಿಮ್ಮ ಕೇಸ್‌ನ ಮುಖ್ಯ ದಿನ ತಪ್ಪಿಸುವುದಿಲ್ಲ ಅಂದೆ. ಹೊಸ ಕೇಸ್ ಕಡಿಮೆ ತೆಗೆದುಕೊಂಡೆ, ಆದಾಯವೂ ಕಡಿಮೆಯಾಯಿತು. ಮನೆಯಲ್ಲಿ ಇದನ್ನು ಮೊದಲೇ ಕೂತು ಲೆಕ್ಕ ಹಾಕದೆ ಸೇರಬೇಡಿ. ಬೇಸಿಗೆ ರಜೆ, ದಸರಾ ರಜೆ ಎರಡೂ ನನಗೆ ರಜೆಯಾಗಿ ಉಳಿಯಲಿಲ್ಲ, ಕೋರ್ಸ್‌ಗೆ ಬರೆಯಬೇಕಾದ ಸಂಶೋಧನಾ ಪ್ರಬಂಧದ ಹೆಚ್ಚಿನ ಭಾಗ ಬರೆದದ್ದು ಕೋರ್ಟ್‌ನ ಬೇಸಿಗೆ ರಜೆಯಲ್ಲೇ.

ನಿಜವಾಗಿ ನಾನು ಹೇಳಬೇಕು ಅಂದುಕೊಂಡಿದ್ದು ಪ್ರಬಂಧದ ವಿಷಯದ ಬಗ್ಗೆ. ವಕೀಲರು ಓದಲು ಹೋದರೆ ನಮ್ಮ ಕೈಯಲ್ಲಿ ಒಂದು ದೊಡ್ಡ ಆಸ್ತಿ ಇರುತ್ತದೆ, ನಮ್ಮ ಫೈಲ್‌ಗಳು. ಬಹಳ ಜನ ಅದನ್ನು ಆಫೀಸ್‌ನಲ್ಲೇ ಬಿಟ್ಟು, ಸೈಬರ್ ಕಾನೂನು, ಅಂತರರಾಷ್ಟ್ರೀಯ ಕಾನೂನು ಅಂತ ತಾವು ಎಂದೂ ಮುಟ್ಟದ ವಿಷಯ ಹಿಡಿಯುತ್ತಾರೆ. ನನ್ನ ಅರ್ಧಕ್ಕಿಂತ ಜಾಸ್ತಿ ಫೈಲ್ ಪಾಲು ವಾಟ್ನಿ ದಾವೆಗಳು, ಅಂದರೆ ಮನೆತನದ ಆಸ್ತಿ ಹಂಚಿಕೆಯ ಕೇಸ್‌ಗಳು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಮೇಲೆ ಬರೆಯುತ್ತೇನೆ ಅಂದಾಗ ಗೈಡ್ ಸರ್, 'ಅದು ವಿಷಯ ಅಲ್ಲಮ್ಮ, ಅದು ಒಂದು ಕಪಾಟು. ಅದರಲ್ಲಿ ಒಂದು ಪುಸ್ತಕ ತೆಗಿ' ಅಂದರು.

ತೆಗೆದದ್ದು ಇದು. ದಾವೆಗೆ ಅಣ್ಣತಮ್ಮಂದಿರು ಕೊಡುವ ಲಿಖಿತ ಉತ್ತರದಲ್ಲಿ, ಅಂದರೆ ಕೈಫಿಯತ್ತಿನಲ್ಲಿ, ಒಂದು ಮಾತು ಯಾವಾಗಲೂ ಇರುತ್ತದೆ: ನಮ್ಮ ಮನೆಯಲ್ಲಿ ಬಾಯಿಮಾತಿನ ವಾಟ್ನಿ ಎಂದೋ ಆಗಿಹೋಗಿದೆ, ಪಹಣಿ ಬೇರೆ ಬೇರೆ ಆಗಿದೆ, ಅಕ್ಕತಂಗಿಯರಿಗೆ ಕೇಳಲು ಏನೂ ಉಳಿದಿಲ್ಲ. ಈ ವಾದ ಎಷ್ಟು ನಿಲ್ಲುತ್ತದೆ? ನಮ್ಮ ರಾಜ್ಯ 1994ರಲ್ಲೇ ಕಾನೂನು ತಿದ್ದಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲುದಾರರನ್ನಾಗಿ ಮಾಡಿತ್ತು, ಆದರೆ ಅದಕ್ಕೂ ಮೊದಲೇ ಮದುವೆ ಆಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಷರತ್ತು ಹೋಯಿತು. ಅಪ್ಪ ಆ ದಿನ ಬದುಕಿರಬೇಕಿತ್ತಾ ಅನ್ನೋದು ಆಮೇಲಿನ ಜಗಳ. ಬದುಕಿರಬೇಕು ಅಂದ 2015ರ ಪ್ರಕಾಶ್-ಫೂಲವತಿ ತೀರ್ಪು, 2001ರಲ್ಲೇ ತೀರಿಹೋದ ಅಪ್ಪನ ಮಗಳಿಗೂ ಪಾಲು ಕೊಟ್ಟ 2018ರ ದಾನಮ್ಮ ತೀರ್ಪು, ಎರಡೂ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟ್‌ಗೆ ಹೋದ ಕೇಸ್‌ಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು: ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪ ಬದುಕಿರಬೇಕಿಲ್ಲ.

ಇಷ್ಟನ್ನು ಎಲ್ಲ ವಕೀಲರೂ ಬಾಯಿಪಾಠ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಪ್ರಬಂಧಕ್ಕಾಗಿ ಆ ತೀರ್ಪನ್ನು ಮೊದಲಿನಿಂದ ಕೊನೆಯವರೆಗೆ ಓದಿದಾಗ, ಬಾಯಿಮಾತಿನ ವಾಟ್ನಿ ಬಗ್ಗೆ ಅದರಲ್ಲಿ ಬೇರೆಯೇ ಒಂದು ದೊಡ್ಡ ಚರ್ಚೆ ಇರುವುದು ಕಣ್ಣಿಗೆ ಬಿತ್ತು. ನೋಂದಾಯಿತ ಪತ್ರ ಅಥವಾ ಕೋರ್ಟ್ ಡಿಕ್ರಿ ಇಲ್ಲದ ವಾಟ್ನಿಯನ್ನು ಸುಲಭವಾಗಿ ಒಪ್ಪಬಾರದು, ಸಾರ್ವಜನಿಕ ದಾಖಲೆಯ ಬಲ ಇದ್ದರೆ ಅಪರೂಪಕ್ಕೆ ಒಪ್ಪಬಹುದು ಅನ್ನುತ್ತದೆ ತೀರ್ಪು. ಹಾಗಾದರೆ ನಮ್ಮ ತಲಾಠಿ (ಗ್ರಾಮ ಲೆಕ್ಕಿಗ) ಚಾವಡಿಯಲ್ಲಿ ವರದಿ ಕೊಟ್ಟು ಮಾಡಿಸಿದ ಹಕ್ಕು ಬದಲಾವಣೆ ನಮೂದು ಅಂಥ ದಾಖಲೆಯಾ? ಆ ನಮೂದು ಬರೀ ಕಂದಾಯದ ಉದ್ದೇಶಕ್ಕೆ, ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ ಕೋರ್ಟ್‌ಗಳು ಎಷ್ಟೋ ಸಲ ಹೇಳಿವೆ. ಆದರೆ ವಾಟ್ನಿ ಆಗಿತ್ತು ಅನ್ನೋದಕ್ಕೆ ಸಾಕ್ಷಿಯಾಗಿ? ಇಲ್ಲಿ ನನಗೆ ಪ್ರಬಂಧ ಸಿಕ್ಕಿತು. ಇ-ಕೋರ್ಟ್ಸ್ ಸೈಟ್‌ನಿಂದ ನಮ್ಮ ಜಿಲ್ಲೆಯ ತೀರ್ಪುಗಳನ್ನು ತೆಗೆದು, ಪ್ರತಿಯೊಂದರಲ್ಲೂ ಯಾವ ದಾಖಲೆ ಹಾಜರಾಯಿತು, ಕೋರ್ಟ್ ಅದಕ್ಕೆ ಎಷ್ಟು ಬೆಲೆ ಕೊಟ್ಟಿತು ಅಂತ ಪಟ್ಟಿ ಮಾಡಿದೆ.

ಎಲ್‌ಎಲ್‌ಎಂನಲ್ಲಿ ಪುಸ್ತಕದ ಸಂಶೋಧನೆ ಬೇರೆ, ಜನರ ನಡುವೆ ಹೋಗಿ ಮಾಡುವುದು ಬೇರೆ ಅಂತ ಕಲಿಸುತ್ತಾರೆ. ಎರಡನೆಯದಕ್ಕಾಗಿ ಹಳ್ಳಿಗಳಲ್ಲಿ ಹೆಂಗಸರನ್ನು ಮಾತಾಡಿಸಿದೆ. ಕೋರ್ಟ್‌ನಲ್ಲಿ ನಮಗೆ ಸಿಗುವವರು ದಾವೆ ಹಾಕಿದವರು ಮಾತ್ರ. ಹಾಕದವರ ಮಾತು ಯಾವ ಫೈಲ್‌ನಲ್ಲೂ ಇರುವುದಿಲ್ಲ. 'ಹೊಲಾ ತಗೊಂಡ್ರ ತವರಮನಿ ಬಾಗ್ಲ ಮುಚ್ಚತೈತ್ರಿ ಮೇಡಂ, ಪಂಚಮಿಗೆ ಕರಿಯಾವ್ರು ಯಾರ್ರೀ?' ಅಂದರು ಒಬ್ಬ ಹಿರಿಯರು. ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳು ಕಾನೂನು ಗೊತ್ತಿಲ್ಲದೆ ಹಾಕುತ್ತಾರೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನು ಮಾತಾಡಿಸಿದ ಎಷ್ಟೋ ಜನರಿಗೆ ಕಾನೂನು ಚೆನ್ನಾಗಿ ಗೊತ್ತಿತ್ತು. ಅದನ್ನು ಪ್ರಬಂಧದಲ್ಲಿ ಹಾಗೇ ಬರೆದೆ.

ಇದರ ಫಲ ಕೋರ್ಟ್‌ನಲ್ಲೂ ಕಂಡಿತು. ಮೊದಲು ಪಾಟಿಸವಾಲಿನಲ್ಲಿ ವಾಟ್ನಿ ಆಗಿಲ್ಲ ಅಂತ ಸೂಚಿಸಿ ಮುಗಿಸುತ್ತಿದ್ದೆವು. ಈಗ ವರದಿ ಕೊಟ್ಟವರು ಯಾರು, ಅಕ್ಕತಂಗಿಯರಿಗೆ ನೋಟಿಸ್ ಹೋಗಿತ್ತಾ, ಆ ನಮೂದಿನಲ್ಲಿ ಅವರ ಸಹಿ ಇದೆಯಾ, ವಾಟ್ನಿ ಆದ ಮೇಲೂ ಸಾಲ ಒಟ್ಟಾಗಿ ಏಕೆ ತೆಗೆದಿರಿ ಅಂತ ಒಂದೊಂದಾಗಿ ಕೇಳುತ್ತೇನೆ. ನನ್ನ ಪ್ರಬಂಧದ ಮೂರನೇ ಅಧ್ಯಾಯವೇ ಪ್ರಶ್ನೆಗಳಾಗಿ ಬಂದಿದೆ ಅಂದರೂ ಸರಿ.

ಭಾಷೆಯ ಬಗ್ಗೆ ಕೇಳುವವರು ಬಹಳ. ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮ. ಎಲ್‌ಎಲ್‌ಎಂ ಓದಿದ್ದು, ಬರೆದದ್ದು ಇಂಗ್ಲಿಷ್‌ನಲ್ಲಿ. ಮೊದಲು ಕನ್ನಡದಲ್ಲಿ ಒಂದು ಪ್ಯಾರಾ ಬರೆದು ನನ್ನ ಮಾತೇನು ಅಂತ ಗಟ್ಟಿ ಮಾಡಿಕೊಳ್ಳುತ್ತಿದ್ದೆ, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ. ಇ-ಎಸ್‌ಸಿಆರ್ ಸೈಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪುಗಳು ಪುಕ್ಕಟೆ ಸಿಗುತ್ತವೆ, ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಶೋಧಗಂಗಾ ಸೈಟ್‌ನಲ್ಲಿ ಬೇರೆಯವರ ಪಿಎಚ್‌ಡಿ ಪ್ರಬಂಧಗಳಿವೆ, ಅಧ್ಯಾಯ ಹೇಗೆ ಕಟ್ಟುತ್ತಾರೆ ಅಂತ ನೋಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನಕಲು ಮಾತ್ರ ಮಾಡಬೇಡಿ.

ಇನ್ನು ನೆಟ್. ಎರಡು ಪೇಪರ್, ಒಟ್ಟು 150 ಪ್ರಶ್ನೆ, ಮೂರು ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಕಾನೂನು ಪೇಪರ್‌ನಲ್ಲಿ ಹತ್ತು ಘಟಕಗಳಿವೆ. ವಕೀಲರಿಗೆ ಅಪರಾಧ ಕಾನೂನು, ಕುಟುಂಬ ಕಾನೂನು ಕೈಯಲ್ಲೇ ಇರುತ್ತದೆ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ ಹೊಸ ಸೆಕ್ಷನ್ ನಂಬರ್‌ಗಳನ್ನು ಕೋರ್ಟೇ ಕಲಿಸುತ್ತದೆ. ಕಷ್ಟ ಇರುವುದು ನ್ಯಾಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಕಾನೂನಿನಲ್ಲಿ, ಅವನ್ನು ಎಲ್‌ಎಲ್‌ಎಂ ತರಗತಿಯಲ್ಲಿರುವಾಗಲೇ ಮುಗಿಸಿಕೊಳ್ಳಿ. ಮೊದಲ ಪೇಪರ್ ಎಲ್ಲ ವಿಷಯದವರಿಗೂ ಒಂದೇ, ಅದರಲ್ಲಿ ಬೋಧನೆ, ಸಂಶೋಧನೆ, ತರ್ಕ, ಅಂಕಿಅಂಶ ಬರುತ್ತವೆ. ಅದನ್ನು ನಮ್ಮವರು ಕಡೆಗಣಿಸುತ್ತಾರೆ, ಸೋಲುವುದು ಅಲ್ಲೇ. ವಯಸ್ಸಾಯಿತು ಅಂತ ಹಿಂಜರಿಯುವವರಿಗೆ ಇನ್ನೊಂದು ಮಾತು: ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ನೆಟ್ ಬರೆಯಲು ವಯಸ್ಸಿನ ಮಿತಿ ಇಲ್ಲ. ಮಿತಿ ಇರುವುದು ಸಂಶೋಧನೆಗೆ ಕೊಡುವ ಫೆಲೋಶಿಪ್ ಜೆಆರ್‌ಎಫ್‌ಗೆ, ಅದರಲ್ಲೂ ಎಲ್‌ಎಲ್‌ಎಂ ಆದವರಿಗೆ ಮೂರು ವರ್ಷ ಸಡಿಲಿಕೆ ಇದೆ. ಅರ್ಜಿ ಹಾಕುವಾಗ ಆ ಸಾಲನ್ನು ಹುಡುಕಿ ನೋಡಿ.