ಸಿಗ್ನಲ್ ಸೋರದಂತೆ ನನ್ನ ಆಡಿಯೊ ವ್ಯವಸ್ಥೆಯನ್ನು ಕಟ್ಟಿಕೊಂಡ ಬಗೆ

ಸಿಡಿ ಪ್ಲೇಯರ್‌ನಿಂದ ಹೊರಡುವ ಸಿಗ್ನಲ್ ಗರಿಷ್ಠ ಮಟ್ಟದಲ್ಲಿ ಸುಮಾರು 2 ವೋಲ್ಟ್ ಇರುತ್ತದೆ. ಸ್ಪೀಕರನ್ನು ನಡೆಸುವ ನನ್ನ ಪವರ್ ಆಂಪ್ಲಿಫೈಯರ್ ಪೂರ್ಣ ಶಕ್ತಿಯನ್ನು ನೀಡುವುದಕ್ಕೆ 1 ವೋಲ್ಟ್ ಸಾಕು. ಅಂದಮೇಲೆ ನಡುವಿನ ಪ್ರಿಆಂಪ್ (ಸಿಗ್ನಲ್ಲನ್ನು ಮೊದಲೇ ಹಿಗ್ಗಿಸಿ ವಾಲ್ಯೂಮ್ ನಿಯಂತ್ರಿಸುವ ಪೆಟ್ಟಿಗೆ) ಮಾಡುತ್ತಿದ್ದ ವರ್ಧನೆ ಬೇಕಿರಲೇ ಇಲ್ಲ. ಬಹುತೇಕ ಪ್ರಿಆಂಪ್‌ಗಳಂತೆ ಅದರಲ್ಲಿಯೂ ವಾಲ್ಯೂಮ್ ನಿಯಂತ್ರಕವು ವರ್ಧಕ ಹಂತಕ್ಕಿಂತ ಮೊದಲೇ ಇದ್ದುದರಿಂದ, ದನಿಯನ್ನು ಎಷ್ಟು ತಗ್ಗಿಸಿದರೂ ಆ ಹಂತದ ಹಿಸ್ (ಸುಯ್ ಎಂಬ ಹಿನ್ನೆಲೆ ಸದ್ದು) ತಗ್ಗುತ್ತಿರಲಿಲ್ಲ. ತಂಬೂರಿಯ ನಾದ ಕ್ಷೀಣಿಸುವ ಕೊನೆಯ ಭಾಗ ಅದರೊಳಗೆ ಮುಚ್ಚಿಹೋಗುತ್ತಿತ್ತು.

ಪ್ರಿಆಂಪ್ ತೆಗೆದು, ಅದರ ಜಾಗದಲ್ಲಿ 10 ಕಿಲೋಓಮ್‌ನ ಪೊಟೆನ್ಶಿಯೋಮೀಟರ್ (ತಿರುಗಿಸಿ ಸಿಗ್ನಲ್ ತಗ್ಗಿಸುವ ರೋಧಕ) ಮಾತ್ರವಿರುವ ಪೆಟ್ಟಿಗೆಯನ್ನಿಟ್ಟೆ. ಇಲ್ಲಿ ಎಚ್ಚರ ಬೇಕು. ಇಂಥ ನಿಯಂತ್ರಕದ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ಒಟ್ಟು ತಡೆ), 6 ಡೆಸಿಬೆಲ್ ತಗ್ಗಿಸಿದ, ಅಂದರೆ ವೋಲ್ಟೇಜ್ ಅರ್ಧಕ್ಕಿಳಿದ ಸ್ಥಾನದಲ್ಲಿ, ಅದರ ಒಟ್ಟು ಮೌಲ್ಯದ ಕಾಲು ಭಾಗಕ್ಕೆ ಏರುತ್ತದೆ, ಅಂದರೆ 2.5 ಕಿಲೋಓಮ್. ಆಂಪ್‌ನ 47 ಕಿಲೋಓಮ್ ಇನ್‌ಪುಟ್‌ನ ಮುಂದೆ ಇದು ತೀರಾ ಚಿಕ್ಕದು. ಆದರೆ 50 ಕಿಲೋಓಮ್ ನಿಯಂತ್ರಕಕ್ಕೆ, ಮೀಟರಿಗೆ 100 ಪಿಕೋಫ್ಯಾರಡ್ ಧಾರಕತೆಯುಳ್ಳ (ವಿದ್ಯುದಾವೇಶವನ್ನು ಹಿಡಿದಿಡುವ ಗುಣವುಳ್ಳ) 5 ಮೀಟರ್ ಕೇಬಲ್ ಜೋಡಿಸಿದರೆ, ಕಿವಿಗೆ ಕೇಳುವ ತಾರದ ಮೇಲ್ಮಿತಿಯಾದ 20 ಕಿಲೋಹರ್ಟ್ಸ್‌ನಲ್ಲೇ ಒಂದು ಡೆಸಿಬೆಲ್‌ಗೂ ಹೆಚ್ಚು ಕುಸಿತ ಕಾಣುತ್ತದೆ. ಆದ್ದರಿಂದ ನನ್ನ ಕೇಬಲ್ ಒಂದು ಮೀಟರನ್ನು ದಾಟಿಲ್ಲ. ಸಿಗ್ನಲ್ ಹೊರಡುವ ಮತ್ತು ಸೇರುವ ಎರಡೂ ಕಡೆಯ ಇಂಪೀಡೆನ್ಸ್ ಸಮವಾಗಿರಬೇಕೆಂದು ಕೆಲವರು ವಾದಿಸುತ್ತಾರೆ. ಅದು ಉದ್ದನೆಯ ಟೆಲಿಫೋನ್ ತಂತಿಗಳ ಕಾಲದ ಕ್ರಮ, ಮನೆಯಲ್ಲಿ ಪಾಲಿಸಿದರೆ ಅರ್ಧ ವೋಲ್ಟೇಜ್ ಅಲ್ಲೇ ಕಳೆದುಹೋಗುತ್ತದೆ.

ಇದಕ್ಕಿಂತ ದೊಡ್ಡ ಉಳಿತಾಯ ಸಿಕ್ಕಿದ್ದು ಸ್ಪೀಕರ್‌ನಲ್ಲಿ. ಸಂವೇದನೆ (ಕೊಟ್ಟ ಶಕ್ತಿಗೆ ಸ್ಪೀಕರ್ ಹೊರಡಿಸುವ ದನಿಯ ಮಟ್ಟ) 85ರಿಂದ 95 ಡೆಸಿಬೆಲ್‌ಗೆ ಏರಿದಾಗ ಅಷ್ಟೇ ದನಿಗೆ ಹತ್ತನೇ ಒಂದು ಭಾಗದಷ್ಟು ಶಕ್ತಿ ಸಾಕಾಗುತ್ತದೆ. ಲಾಭ ವಿದ್ಯುತ್ತಿನಲ್ಲಷ್ಟೇ ಅಲ್ಲ: ತಾಮ್ರದ ವಾಯ್ಸ್ ಕಾಯಿಲ್ (ಸ್ಪೀಕರ್‌ನ ಶಂಕುವನ್ನು ಅಲುಗಿಸುವ ಸುರುಳಿ) 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಅದರ ರೋಧ ಸುಮಾರು ಶೇ. 39ರಷ್ಟು ಏರಿ, ಮೃದಂಗದ ಗಟ್ಟಿ ಪೆಟ್ಟುಗಳು ಒತ್ತಿಹೋದಂತೆ ಕೇಳಿಸುತ್ತವೆ. ಕಡಿಮೆ ಶಕ್ತಿಯಲ್ಲಿ ಕಾಯಿಲ್ ತಣ್ಣಗಿದ್ದು, ತನಿ ಆವರ್ತನದ (ಕಛೇರಿಯಲ್ಲಿ ತಾಳವಾದ್ಯವಷ್ಟೇ ನುಡಿಯುವ ಭಾಗದ) ಏರಿಳಿತ ಪೂರ್ತಿಯಾಗಿ ದಕ್ಕುತ್ತದೆ. ಆದರೆ ಸಂವೇದನೆ, ಆಳವಾದ ಮಂದ್ರ, ಚಿಕ್ಕ ಪೆಟ್ಟಿಗೆ ಈ ಮೂರೂ ಒಟ್ಟಿಗೆ ಸಿಗುವುದಿಲ್ಲವೆಂಬುದು ಸ್ಪೀಕರ್ ವಿನ್ಯಾಸಕ ಹಾಫ್‌ಮನ್‌ನ ಕಬ್ಬಿಣದ ನಿಯಮ. ನಾನು ಪೆಟ್ಟಿಗೆಯ ಗಾತ್ರವನ್ನು ಒಪ್ಪಿಕೊಂಡೆ.

ಸಂವೇದನಾಶೀಲ ಸ್ಪೀಕರ್ ಹಿಸ್ಸನ್ನೂ ಅಷ್ಟೇ ಎತ್ತಿ ತೋರಿಸುವುದರಿಂದ, ಪ್ರಿಆಂಪ್ ತೆಗೆದ ಮೇಲೆಯೇ ಸ್ಪೀಕರ್ ಬದಲಿಸುವುದು ಸರಿಯಾದ ಕ್ರಮ. ಸ್ಪೀಕರ್ ತಂತಿಗೆ ಹೆಚ್ಚು ಖರ್ಚು ಮಾಡಲಿಲ್ಲ: 2.5 ಚದರ ಮಿಲಿಮೀಟರ್‌ನ ತಾಮ್ರದ ತಂತಿ 3 ಮೀಟರ್ ದೂರಕ್ಕೆ ಹೋಗಿ ಬರುವಾಗ 0.04 ಓಮ್‌ನಷ್ಟು ರೋಧ ಒಡ್ಡುತ್ತದೆ, 8 ಓಮ್ ಸ್ಪೀಕರ್‌ಗೆ ಅದರಿಂದಾಗುವ ನಷ್ಟ 0.05 ಡೆಸಿಬೆಲ್ ಕೂಡ ಮುಟ್ಟುವುದಿಲ್ಲ.