ಬಣ್ಣ ಬಳಿಯದೆ ಬಿಡಿಸಬೇಕಾದ ಸಾಮ್ರಾಜ್ಯ: ಪೋರ್ಚುಗೀಸರ ಕಡಲ ನಕ್ಷೆ ಮಾಡುವ ಬಗೆ

ಪ್ರೌಢಶಾಲೆಯಲ್ಲಿ ಇತಿಹಾಸ ಹೇಳುವ ನಾನು, ಯುರೋಪಿನವರು ಭಾರತಕ್ಕೆ ಸಮುದ್ರಮಾರ್ಗ ಏಕೆ ಹುಡುಕಿದರು ಎಂದು ಕೇಳಿದರೆ ವರ್ಷವರ್ಷವೂ ಸಿಗುವ ಉತ್ತರ ಇದು: "1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ಆದ್ದರಿಂದ ಯುರೋಪಿನವರು ಸಮುದ್ರಮಾರ್ಗ ಹುಡುಕಿದರು." ಆದರೆ ಪೋರ್ಚುಗೀಸರು ಆಫ್ರಿಕದ ಸೆಯೂಟಾ ಬಂದರನ್ನು ಹಿಡಿದದ್ದು 1415ರಲ್ಲಿ, ಅದಕ್ಕೂ 38 ವರ್ಷ ಮೊದಲು. ಆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದವರಿಗೆ ಮುಂದಿನದೇನೂ ತಿಳಿಯುವುದಿಲ್ಲ. ನಕ್ಷೆ ಮಾಡಿದವರಿಗೆ ತಿಳಿಯುತ್ತದೆ.

ಹಿಂದೂ ಮಹಾಸಾಗರ ನಡುವೆ ಬರುವಂಥ ದೊಡ್ಡ ಖಾಲಿ ನಕ್ಷೆಯನ್ನು ರಟ್ಟಿಗೆ ಅಂಟಿಸಿ. ಗುಂಡುಸೂಜಿ, ಎರಡು ಬಣ್ಣದ ದಾರ, ಪೆನ್ಸಿಲ್ ಸಾಕು. ಬಣ್ಣದ ಡಬ್ಬಿಯನ್ನು ತೆರೆಯಲೇಬೇಡಿ. ನೆಲಕ್ಕೆ ಬಣ್ಣ ಬಳಿದ ಕೂಡಲೇ ಮಕ್ಕಳು ಇದನ್ನು ಮೌರ್ಯರ, ಮೊಘಲರ ರಾಜ್ಯದ ಹಾಗೆ ಓದತೊಡಗುತ್ತಾರೆ. ಇದು ಬಂದರುಗಳ ಸಾಮ್ರಾಜ್ಯ. ಲಿಸ್ಬನ್, ಗೋವೆ (ಹಿಡಿದ ವರ್ಷ 1510), ಮಲಕ್ಕಾ (1511), ಹೊರ್ಮುಜ್ (1515): ಮೊದಲು ಈ ನಾಲ್ಕು ಕಡೆ ಸೂಜಿ ಚುಚ್ಚಿ. ಮಲಕ್ಕಾ ಒಂದು ಜಲಸಂಧಿಯನ್ನು ಕಾಯುತ್ತದೆ, ಹೊರ್ಮುಜ್ ಪರ್ಷಿಯನ್ ಕೊಲ್ಲಿಯ ಬಾಯಲ್ಲಿ ಕುಳಿತಿದೆ. ಈ ಮೂರನ್ನೂ ಗೆದ್ದ ಪೋರ್ಚುಗೀಸ್ ರಾಜ್ಯಪಾಲ ಆಲ್ಬುಕರ್ಕ್ ಎಷ್ಟು ಲೆಕ್ಕ ಹಾಕಿ ಜಾಗ ಆರಿಸಿದ ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ಇನ್ನು ದಾರ ಎಳೆಯುವ ಮೊದಲು ತಿಂಗಳುಗಳನ್ನು ಬರೆಯಬೇಕು. ಬಹಳ ಮಂದಿ ಬಿಟ್ಟುಬಿಡುವ ಹಂತ ಇದು, ನನ್ನ ಮಟ್ಟಿಗೆ ಮುಖ್ಯವಾದದ್ದೂ ಇದೇ. ವಾಸ್ಕೋ ಡ ಗಾಮ 1498ರ ಏಪ್ರಿಲ್ 24ರಂದು ಆಫ್ರಿಕದ ಮಲಿಂದಿಯಿಂದ ಹೊರಟ. ಜೊತೆಗೆ ದಾರಿ ಬಲ್ಲ ಸ್ಥಳೀಯ ನಾವಿಕನಿದ್ದ, ಬೆನ್ನಿಗೆ ಗಾಳಿ ಇತ್ತು. ಮೇ 20ಕ್ಕೆ ಕಲ್ಲಿಕೋಟೆಯ ಬಳಿ ಲಂಗರು ಹಾಕಿದ. ವಾಪಸು ಹೋಗುವಾಗ, ಆಫ್ರಿಕದ ಕಡೆಗೆ ಬೀಸುವ ಈಶಾನ್ಯ ಮಾರುತಕ್ಕೆ ಕಾಯದೆ, ಕಾರವಾರದ ಎದುರಿನ ಅಂಜುದೀವ ದ್ವೀಪದಿಂದ ಅಕ್ಟೋಬರ್ 5ಕ್ಕೇ ಹಾಯಿ ಬಿಚ್ಚಿದ. ಆಫ್ರಿಕದ ದಡ ಕಂಡದ್ದು 1499ರ ಜನವರಿ 2ರಂದು. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆಯಿಂದ ಸುಮಾರು 30 ಮಂದಿ ಸತ್ತರು. ಹಡಗು ನಡೆಸಲು ಜನ ಸಾಲದೆ ಒಂದನ್ನು ಸುಟ್ಟುಹಾಕಬೇಕಾಯಿತು. ಎರಡು ದಾರ ಎಳೆದು ಪಕ್ಕದಲ್ಲಿ ಈ ದಿನಾಂಕಗಳನ್ನು ಬರೆಯಿರಿ. ಅದೇ ಕಡಲು, ಒಮ್ಮೆ ನಾಲ್ಕು ವಾರದೊಳಗೆ, ಒಮ್ಮೆ ಮೂರು ತಿಂಗಳು. ಮುಂದೆ ಪೋರ್ಚುಗೀಸರು ಪಾಠ ಕಲಿತರು: ಮಾರ್ಚ್-ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟು ಸೆಪ್ಟೆಂಬರ್ ಹೊತ್ತಿಗೆ ಗೋವೆ, ಡಿಸೆಂಬರ್-ಜನವರಿಯಲ್ಲಿ ಮರುಪ್ರಯಾಣ. ಅರಬರು, ಗುಜರಾತಿಗಳು ಈ ಗಾಳಿಯ ಲೆಕ್ಕವನ್ನು ಶತಮಾನಗಳಿಂದ ಬಲ್ಲವರಾಗಿದ್ದರು.

ಆಮೇಲೆ ಪ್ರತಿ ದಾರದ ಮೇಲೆ ಸರಕಿನ ಹೆಸರು. ಇಲ್ಲಿ ತರಗತಿಯನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿ: ಮೆಣಸು ಕೊಳ್ಳಲು ಅವರು ತಂದದ್ದೇನು? ಗಾಮ ಕಲ್ಲಿಕೋಟೆಯ ದೊರೆಗೆ ತೆಗೆದಿಟ್ಟ ಕಾಣಿಕೆಯಲ್ಲಿ 12 ತುಂಡು ಬಟ್ಟೆ, 6 ಟೋಪಿ, 4 ಹವಳದ ಸರ, 6 ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನು ಇದ್ದವು. ಅರಮನೆಯ ಅಧಿಕಾರಿಗಳು ನಕ್ಕರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು. ಏಷ್ಯಾಕ್ಕೆ ಬೇಕಾದ ಸರಕು ಅವರಲ್ಲಿರಲಿಲ್ಲ. ಇದ್ದದ್ದು ಬೆಳ್ಳಿ, ತಾಮ್ರ ಮತ್ತು ಹಡಗಿನ ಮೇಲಿನ ಫಿರಂಗಿ.

ಫಿರಂಗಿಯನ್ನು ಆದಾಯವಾಗಿ ಮಾಡಿದ್ದು ಕಾರ್ಟಜ್ ಎಂಬ ಪರವಾನಗಿ ಚೀಟಿ. ಒಂದು ಚೀಟಿ ಮಕ್ಕಳಿಂದಲೇ ಬರೆಸಿ: ಹಡಗು, ಅದರ ನಾಯಕ, ಹೋಗುವ ಬಂದರು, ಒಯ್ಯಬಾರದ ಸರಕು. ಚೀಟಿಯ ಶುಲ್ಕ ಅಲ್ಪ. ಆದರೆ ಚೀಟಿ ಪಡೆದವನು ಪೋರ್ಚುಗೀಸ್ ಬಂದರಿಗೆ ಬಂದು ಸುಂಕ ಕಟ್ಟಬೇಕು. ಚೀಟಿ ಇಲ್ಲದ ಹಡಗನ್ನು ಸರಕಿನ ಸಮೇತ ಹಿಡಿಯುತ್ತಿದ್ದರು. ಅಕ್ಬರನ ಹಡಗುಗಳು ಸಹ ಮೆಕ್ಕಾ ಯಾತ್ರೆಗೆ ಇದನ್ನು ಪಡೆಯಬೇಕಾಯಿತು. ಯಾರದೂ ಅಲ್ಲದ ಕಡಲಿನಲ್ಲಿ ಓಡಾಡಲು ಅಪ್ಪಣೆ ಬೇಕೆಂದದ್ದು ಶುದ್ಧ ದರೋಡೆ. ಪಾಠದಲ್ಲಿ ಅದನ್ನು ಹಾಗೆಯೇ ಹೇಳಬೇಕು.

ನಮ್ಮ ಕರಾವಳಿಯನ್ನೂ ಸೇರಿಸಿ. ಹೊರ್ಮುಜ್‌ನಿಂದ ಗೋವೆಗೆ ಒಂದು ದಾರ: ವಿಜಯನಗರಕ್ಕೂ ಬಿಜಾಪುರಕ್ಕೂ ಬೇಕಾದ ಕುದುರೆ. ಕುದುರೆಗಳು ಗೋವೆಯಲ್ಲೇ ಇಳಿಯಬೇಕೆಂದು ಪೋರ್ಚುಗೀಸರು ಹಟ ಹಿಡಿದಾಗ ಪೆಟ್ಟು ಬಿದ್ದದ್ದು ಭಟ್ಕಳಕ್ಕೆ. ಬಸ್ರೂರು, ಮಂಗಳೂರುಗಳಿಂದ ಗೋವೆಗೆ ಇನ್ನೊಂದು: ಆ ನಗರ ಊಟಕ್ಕೆ ನಂಬಿದ್ದ ಅಕ್ಕಿ.

ಸೂಜಿ ಚುಚ್ಚಲಾಗದ ಜಾಗವನ್ನೂ ತೋರಿಸಿ. 1513ರಲ್ಲಿ ಆಲ್ಬುಕರ್ಕ್ ಏಡನ್ ಹಿಡಿಯಲು ಹೋಗಿ ಸೋತ. ಕೆಂಪು ಸಮುದ್ರದ ಬಾಯಿ ತೆರೆದೇ ಉಳಿಯಿತು, 16ನೆಯ ಶತಮಾನದ ನಡುವೆ ಆ ದಾರಿಯಲ್ಲಿ ವೆನಿಸ್‌ಗೆ ಮತ್ತೆ ಧಾರಾಳವಾಗಿ ಮೆಣಸು ಹೋಯಿತು.

ಎರಡನೆಯ ಬಣ್ಣದ ದಾರ ಡಚ್ಚರಿಗೆ. 1602ರಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿ ಷೇರುದಾರರಿಂದ ಸುಮಾರು 64 ಲಕ್ಷ ಗಿಲ್ಡರ್ (ಡಚ್ಚರ ನಾಣ್ಯ) ಬಂಡವಾಳ ಕೂಡಿಸಿತು. ದಾರವನ್ನು ಚೋಳಮಂಡಲ ತೀರದಿಂದ ಇಂಡೋನೇಷ್ಯಾದ ದ್ವೀಪಗಳಿಗೆ ಎಳೆದು ಮೇಲೆ "ಬಟ್ಟೆ" ಎಂದು, ಕೆಳಗೆ "ಲವಂಗ, ಜಾಯಿಕಾಯಿ" ಎಂದು ಬರೆಯಿರಿ. ಬಾಂದಾ ದ್ವೀಪಗಳಿಗೆ ಸೂಜಿ ಚುಚ್ಚುವಾಗ 1621 ಎಂದು ಬರೆದು, ಜಾಯಿಕಾಯಿಗಾಗಿ ಅಲ್ಲಿನ ಬಹುಪಾಲು ಜನರನ್ನು ಕೊಂದರು, ಓಡಿಸಿದರು, ಗುಲಾಮರಾಗಿ ಸಾಗಿಸಿದರು ಎಂಬುದನ್ನು ಪಕ್ಕದಲ್ಲೇ ಪೂರ್ತಿ ಬರೆಸಿ.