ಬೇರೆಯವರು ಬಿಚ್ಚಿ ಜೋಡಿಸಿದ ಬ್ರೇಕ್ ಸರಿಮಾಡುವುದು ಹೇಗೆ?

"ಪೆಡಲ್ ತುಳಿದ್ರೆ ಸೀದಾ ಕೆಳಗೇ ಹೋಗ್ತದೆ ಮಾರಾಯ. ಒಂದು ಲೀಟರ್ ಬ್ರೇಕ್ ಆಯಿಲ್ ಸುರಿದು ಏರ್ ತೆಗ್ದೆ, ಏನೂ ಪ್ರಯೋಜನ ಆಗ್ಲಿಲ್ಲ."

ತೀರ್ಥಹಳ್ಳಿಯಿಂದ ಗೆಳೆಯ ಫೋನ್ ಮಾಡಿದಾಗ ಶನಿವಾರ ಸಂಜೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಹಳೆಯ ಸಣ್ಣ ಕಾರು ಅವನದು. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬಿಚ್ಚಿ, ತೊಳೆದು, ಹೊಸ ಪ್ಯಾಡ್ ಹಾಕಿ ಜೋಡಿಸಿದ್ದ. ಮರುವಾರ ಹೆಂಡತಿ ಮಕ್ಕಳ ಜೊತೆ ಆಗುಂಬೆ ಇಳಿದು ಉಡುಪಿಗೆ ಹೋಗುವವನಿದ್ದ. ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. "ಕಾರನ್ನು ಅಂಗಳದಿಂದ ಒಂದಡಿಯೂ ಅಲುಗಿಸಬೇಡ, ಬೆಳಿಗ್ಗೆ ಬರ್ತೇನೆ" ಅಂದೆ.

ಹೊಸದಾಗಿ ಬ್ರೇಕ್ ಕೆಲಸ ಮಾಡುವುದಕ್ಕಿಂತ ಇನ್ನೊಬ್ಬರು ಕೈಹಾಕಿದ್ದನ್ನು ಸರಿಮಾಡುವುದು ಕಷ್ಟ. ಎಲ್ಲಿ ತಪ್ಪಾಗಿದೆ ಎಂದು ಮಾಡಿದವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳಿ, ಆದರೆ ಕಣ್ಣಾರೆ ನೋಡದೆ ಯಾವುದನ್ನೂ ಸರಿಯಿದೆ ಎಂದು ಬಿಡಬೇಡಿ. ನಿಮಗೂ ಬ್ರೇಕ್ ಕೆಲಸ ಹೊಸದಾಗಿದ್ದರೆ ಅನುಭವಸ್ಥ ಮೆಕ್ಯಾನಿಕ್ ಒಬ್ಬರನ್ನು ಪಕ್ಕದಲ್ಲಿ ಇಟ್ಟುಕೊಂಡೇ ಶುರುಮಾಡಿ.

ಸ್ಪ್ಯಾನರ್ ಹಿಡಿಯುವ ಮೊದಲು

ಮೊದಲ ಪರೀಕ್ಷೆ ಕಾಲಿನದು. ಎಂಜಿನ್ ಆಫ್ ಮಾಡಿ ಪೆಡಲನ್ನು ಬೇಗಬೇಗ ನಾಲ್ಕೈದು ಸಲ ತುಳಿಯಿರಿ. ತುಳಿದಷ್ಟೂ ಗಟ್ಟಿಯಾಗುತ್ತ ಮೇಲೆ ಬಂದು, ಸ್ವಲ್ಪ ಬಿಟ್ಟು ತುಳಿದರೆ ಮತ್ತೆ ಮೆತ್ತಗಾದರೆ ಲೈನಿನಲ್ಲಿ ಗಾಳಿ ಇರುವ ಸಾಧ್ಯತೆಯೇ ಹೆಚ್ಚು. ಒಂದೇ ಸಮನೆ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ. ಹೊರಗೆಲ್ಲೂ ಒದ್ದೆ ಕಾಣದಿದ್ದರೆ, ಪೆಡಲ್ ತುಳಿದಾಗ ದ್ರವವನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿರಬಹುದು. ಗೆಳೆಯನ ಕಾರಿನಲ್ಲಿ ಇದ್ದದ್ದು ಗಾಳಿ.

ಎರಡನೆಯದು ಆಯಿಲ್. ನಾವು ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ಡಾಟ್ 3, ಡಾಟ್ 4 ಎಂಬ ದರ್ಜೆಗಳ ಬ್ರೇಕ್ ದ್ರವಗಳು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯವು. ಹೆಸರು ಕೇಳಿ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಸುರಿದುಬಿಟ್ಟರೆ ಇಡೀ ವ್ಯವಸ್ಥೆಯ ರಬ್ಬರ್ ಊದಿಕೊಂಡು ಕೆಡುತ್ತದೆ. ಆಮೇಲೆ ಏರ್ ತೆಗೆದು ಫಲವಿಲ್ಲ, ರಬ್ಬರ್ ಇರುವ ಪ್ರತಿ ಭಾಗವನ್ನೂ ಬದಲಿಸಬೇಕಾಗುತ್ತದೆ. ಅದಕ್ಕೇ ನಾನು ಬಾನೆಟ್ ತೆಗೆದು, ಬ್ರೇಕ್ ದ್ರವ ತುಂಬುವ ಡಬ್ಬಿಯಿಂದ ನಾಲ್ಕು ಹನಿ ಎತ್ತಿ ನೀರಿರುವ ಗಾಜಿನ ಲೋಟಕ್ಕೆ ಬಿಟ್ಟು ಕದಡಿದೆ. ಬ್ರೇಕ್ ದ್ರವ ನೀರಿನಲ್ಲಿ ಬೆರೆತುಹೋಗುತ್ತದೆ, ಎಣ್ಣೆ ಕಣ್ಣುಕಣ್ಣಾಗಿ ತೇಲುತ್ತದೆ. ಲೋಟದ ನೀರು ತಿಳಿಯಾಗಿಯೇ ಉಳಿಯಿತು. ನನಗೆ ಹೋದ ಜೀವ ಬಂದಂತಾಯಿತು. ಡಬ್ಬಿಯ ಮುಚ್ಚಳದ ರಬ್ಬರ್ ಉಬ್ಬಿದೆಯೇ ಎಂದೂ ನೋಡಿ, ಊತ ಮೊದಲು ಕಾಣಿಸುವುದು ಅಲ್ಲೇ. ಲೋಟವನ್ನು ಮತ್ತೆ ಅಡುಗೆಮನೆಗೆ ಕೊಡಬೇಡಿ, ಆ ದ್ರವ ವಿಷ.

ಚಕ್ರ ಬಿಚ್ಚಿ ನೋಡುವುದು

ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಕಲ್ಲು. ಕಾರಿನ ಜೊತೆ ಬರುವ ಜಾಕ್ ಎತ್ತಲು ಮಾತ್ರ, ಆಧಾರಕ್ಕೆ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಸ್ಟ್ಯಾಂಡಿನ ಜೊತೆಗೆ ಬಿಚ್ಚಿದ ಚಕ್ರವನ್ನೂ ಬಾಡಿಯ ಅಡಿಗೆ ತಳ್ಳಿಡಿ. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಉಸಿರಿನಲ್ಲಿ ಒಳಹೋಗಬಾರದ ಧೂಳು ಅದು.

ಎಡಗಡೆಯ ಚಕ್ರ ಬಿಚ್ಚಿದ ಕೂಡಲೇ ಕಾರಣ ಕಣ್ಣಿಗೆ ಬಿತ್ತು. ಕ್ಯಾಲಿಪರಿಗೆ ಗಾಳಿ ತೆಗೆಯುವ ಸಣ್ಣ ನಿಪ್ಪಲ್ ಇರುತ್ತದಲ್ಲ, ಅದು ಕೆಳಗಿತ್ತು, ಹೋಸ್ ಮೇಲಿತ್ತು. ಸರಿಯಾಗಿ ಕೂತಿದ್ದರೆ ನಿಪ್ಪಲ್ ಮೇಲ್ತುದಿಯಲ್ಲಿರಬೇಕು. ತೊಳೆದಾದ ಮೇಲೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದ. ಎರಡೂ ಕನ್ನಡಿಯ ಬಿಂಬದಂತಿರುವುದರಿಂದ ಬೋಲ್ಟ್ ಸಲೀಸಾಗಿ ಕೂರುತ್ತದೆ, ತಪ್ಪು ಗೊತ್ತಾಗುವುದೇ ಇಲ್ಲ. ಗಾಳಿ ಯಾವಾಗಲೂ ಮೇಲಕ್ಕೇರುತ್ತದೆ. ನಿಪ್ಪಲ್ ಕೆಳಗಿದ್ದರೆ ಒಂದು ಲೀಟರ್ ಅಲ್ಲ, ಹತ್ತು ಲೀಟರ್ ಸುರಿದರೂ ಕ್ಯಾಲಿಪರ್ ಒಳಗಿನ ಸಿಲಿಂಡರಿನ ಮೇಲ್ಭಾಗದ ಗುಳ್ಳೆ ಅಲ್ಲೇ ಕೂತಿರುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿ ಕುಗ್ಗುತ್ತದೆ. ನೀವು ತುಳಿದ ಬಲವೆಲ್ಲ ಆ ಗುಳ್ಳೆಯನ್ನು ಹಿಂಡುವುದಕ್ಕೇ ಮುಗಿದುಹೋಗುತ್ತದೆ.

ಇಷ್ಟು ಸಿಕ್ಕಿತೆಂದು ಹುಡುಕಾಟ ನಿಲ್ಲಿಸಲಿಲ್ಲ. ಬಲಗಡೆಯ ಹೋಸ್ ಮೇಲೆ ಉದ್ದಕ್ಕೆ ಅಚ್ಚಾದ ಬಿಳಿ ಗೆರೆ ಹಗ್ಗದ ಹುರಿಯಂತೆ ಸುತ್ತಿಕೊಂಡಿತ್ತು, ಅಂದರೆ ಹೋಸ್ ತಿರುಚಿದೆ. ಕ್ಯಾಲಿಪರ್ ಆಚೀಚೆ ಜಾರಬೇಕಾದ ಎರಡು ಪಿನ್‌ಗಳಿಗೆ ಹಳದಿ ಬೇರಿಂಗ್ ಗ್ರೀಸ್ ಮೆತ್ತಿತ್ತು, ಪಿನ್ನಿನ ರಬ್ಬರ್ ಬೂಟು ಆಗಲೇ ಮೆತ್ತಗಾಗಿತ್ತು. ಪ್ಯಾಡ್ ಮಾತ್ರ ಸರಿಯಾಗಿ ಕೂತಿದ್ದವು. ಅವಸರದಲ್ಲಿ ಪ್ಯಾಡಿನ ಲೋಹದ ಬೆನ್ನನ್ನೇ ಡಿಸ್ಕ್ ಕಡೆಗೆ ತಿರುಗಿಸಿ ಕೂರಿಸುವವರೂ ಇದ್ದಾರೆ, ಅದನ್ನೂ ನೋಡಿ. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತದೆ, ಅದಕ್ಕಿಂತ ಸವೆದಿದ್ದರೆ ಬದಲಿಸಿ.

ಮತ್ತೆ ಜೋಡಿಸುವುದು

ಎಡದ ಕ್ಯಾಲಿಪರನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ, ನಿಪ್ಪಲ್ ಮೇಲೆ ಬರುವಂತೆ ಹಾಕಿದೆವು. ಕ್ಯಾಲಿಪರ್ ಕಳಚಿದಾಗ ಹೋಸಿನಲ್ಲಿ ನೇತಾಡಲು ಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಹೋಸ್ ಬಿಚ್ಚಿದ ಮೇಲೆ ಅದರ ಬೋಲ್ಟಿನ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಹಾಕಿ. ಒಮ್ಮೆ ಅಮುಕಿದ ಹಳೆಯ ವಾಷರ್ ಸೋರುತ್ತದೆ, ಕೆಲವೇ ರೂಪಾಯಿಗಳ ಸಾಮಾನಿಗೆ ಜಿಪುಣತನ ಬೇಡ. ಪಿನ್‌ಗಳನ್ನು ಒರೆಸಿ, ಬೂಟು ಬದಲಿಸಿ, ಬ್ರೇಕಿಗೆಂದೇ ಮಾರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ರಬ್ಬರ್ ಭಾಗಗಳಿಗೆ ಪೆಟ್ರೋಲ್, ಡೀಸೆಲ್ ಮುಟ್ಟಿಸಬೇಡಿ. ಕೆಲವು ಕಾರುಗಳಲ್ಲಿ ಮೇಲಿನ ಪಿನ್ನೇ ಬೇರೆ, ಕೆಳಗಿನದೇ ಬೇರೆ, ಅದಲುಬದಲು ಆಗಬಾರದು. ಕೈಯಲ್ಲಿ ತಳ್ಳಿದರೆ ಕ್ಯಾಲಿಪರ್ ಸರಾಗವಾಗಿ ಜಾರಬೇಕು.

ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಒಳಗೆ ತಳ್ಳುವಾಗ ಡಬ್ಬಿಯ ಕಡೆ ಕಣ್ಣಿರಲಿ. ದ್ರವ ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ, ತಕ್ಷಣ ನೀರು ಸುರಿಯಿರಿ. ಬೋಲ್ಟ್ ಎಷ್ಟು ಬಿಗಿಯಬೇಕೆಂಬುದು ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಬಿಗಿತ ಅಳೆದು ಬಿಗಿಯುವ ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಎಲ್ಲ ಬಿಗಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲೂ ಎಳೆಯುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಏರ್ ತೆಗೆಯುವುದು

ಇದಕ್ಕೆ ಇಬ್ಬರು ಬೇಕು. ಆಗಷ್ಟೇ ಸೀಲ್ ಒಡೆದ ಹೊಸ ಬಾಟಲಿಯನ್ನೇ ಬಳಸಿ. ಈ ದ್ರವ ಗಾಳಿಯ ತೇವ ಹೀರುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ತೆರೆದಿಟ್ಟ ಬಾಟಲಿಯನ್ನು ನಂಬುವ ಹಾಗೇ ಇಲ್ಲ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಕಾದ ಬ್ರೇಕಿನೊಳಗೆ ದ್ರವ ಕುದ್ದರೆ ಆವಿಯ ಗುಳ್ಳೆ ಎದ್ದು, ಪೆಡಲ್ ನಡುದಾರಿಯಲ್ಲೇ ಕೈಕೊಡುತ್ತದೆ.

ಹಲವು ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು, ಅಂದರೆ ನಮ್ಮಲ್ಲಿ ಹಿಂದಿನ ಎಡಚಕ್ರ. ಆದರೆ ಕ್ರಮ ಕಾರಿನಿಂದ ಕಾರಿಗೆ ಬೇರೆ, ಪುಸ್ತಕ ನೋಡಿ. ನಿಪ್ಪಲಿಗೆ ರಿಂಗ್ ಸ್ಪ್ಯಾನರ್ ಇಟ್ಟು, ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ದ್ರವ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಳಗೆ ಕೂತವರು ನಿಧಾನ ತುಳಿದು "ಹಿಡಿದಿದ್ದೇನೆ" ಅನ್ನಬೇಕು. ನೀವು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ, ಗುಳ್ಳೆ ಬಂದಮೇಲೆ ಬಿಗಿದು "ಬಿಡಿ" ಅನ್ನಬೇಕು. ನಿಪ್ಪಲ್ ಮುಚ್ಚುವ ಮುನ್ನ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ತುಂಬಿಸಿ, ಅದು ಬರಿದಾದರೆ ಕೆಲಸ ಮೊದಲಿನಿಂದ. ಹಳೆಯ ಕಾರಿನಲ್ಲಿ ಪೆಡಲ್ ಅಡಿಗೆ ಮರದ ತುಂಡು ಇಡಿ. ನೆಲ ಮುಟ್ಟುವಂತೆ ತುಳಿದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಎಂದೂ ಹೋಗದ, ತುಕ್ಕು ಕೂತ ಜಾಗಕ್ಕೆ ಉಜ್ಜಿ ಹರಿಯಬಹುದು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದು ಅದರೊಳಗೆ ಗಾಳಿ ಸೇರಿದ್ದರೆ ಸ್ಕ್ಯಾನರ್ ಇರುವ ವರ್ಕ್‌ಶಾಪೇ ಬೇಕಾಗಬಹುದು.

ಗೆಳೆಯ ಒಳಗೆ, ನಾನು ಚಕ್ರದ ಬಳಿ. ಬಲ ಮುಂಚಕ್ರದ ಪೈಪಿನಲ್ಲಿ ಕಡಲೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಬಂದವು. ಆಮೇಲೆ ಸಾಸಿವೆಯಷ್ಟು, ಆಮೇಲೆ ತಿಳಿ ದ್ರವ ಮಾತ್ರ. "ಈಗ ಕಲ್ಲು ತುಳಿದ ಹಾಗಿದೆ" ಎಂದ ಅವನು.

ರಸ್ತೆಗೆ ಇಳಿಯುವ ಮೊದಲು

ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ. ಎಂಜಿನ್ ಆಫ್ ಇಟ್ಟು ಪೆಡಲ್ ಗಟ್ಟಿಯಾಗುವತನಕ ತುಳಿದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಇಳಿದು ನಿಂತರೆ, ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಕೆಲಸ ಮಾಡುತ್ತಿದೆ. ಮೊದಲು ಅಂಗಳದಲ್ಲಿ ನಡಿಗೆಯ ವೇಗ, ಕೈ ಹ್ಯಾಂಡ್‌ಬ್ರೇಕ್ ಮೇಲೆ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಮೆಲ್ಲಗೆ ಇಳಿಸಿ, ನಡುನಡುವೆ ಆರಲು ಬಿಡಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವುದು ಹಾಗೆ. 100 ಕಿ.ಮೀ. ಆದಮೇಲೆ ನಟ್‌ಗಳನ್ನು ಮತ್ತೊಮ್ಮೆ ನೋಡಿ.

ಮರುವಾರ ನಾನೂ ಅವರ ಜೊತೆ ಹೋದೆ. ಆಗುಂಬೆಯಿಂದ ಕೊನೆಯ ತಿರುವಿನವರೆಗೂ ಅವನು ಎರಡನೇ ಗೇರ್ ಬಿಡಲಿಲ್ಲ. ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇಳಿದು, ಮುಂದಿನ ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿದೆ. ಒಂದು ಬದಿ ಹೆಚ್ಚು ಕಾದಿದ್ದರೆ ಅಲ್ಲಿ ಪಿನ್ ಹಿಡಿದುಕೊಂಡಿದೆ ಎಂದರ್ಥ. ಎರಡರ ಕಾವೂ ಒಂದೇ ಇತ್ತು.